ಹುಳು ಮನೆಗೆ ತಂದ ಟೆಂಪರೇಚರ್ ಬೋರ್ಡ್: 480 ರೂಪಾಯಿಗೆ ತಗೊಳ್ಳಬಹುದಾ?

ಶಿಡ್ಲಘಟ್ಟದ ಹತ್ತಿರ ನಮ್ಮದು ರೇಷ್ಮೆ ಮನೆತನ. ಈ ಬೋರ್ಡನ್ನು ಚಿಕ್ಕಬಳ್ಳಾಪುರದ ಒಂದು ಅಂಗಡಿಯಿಂದ ತಂದು ಎರಡು ಬೆಳೆ ಆಯಿತು. ಲೆಕ್ಕ ಮಾಡುವ ಅಟ್‌ಮೆಗಾ328ಪಿ ಐಸಿ, ಶಾಖ ಅಳೆಯುವ ಎಲ್‌ಎಂ35 ಸೆನ್ಸರ್, ಕೆಂಪು ಅಂಕಿಯ ಡಿಸ್‌ಪ್ಲೇ. ಬೆಸುಗೆ ಚೆನ್ನಾಗಿದೆ. ಐಸಿಗೆ ಸಾಕೆಟ್ ಕೊಟ್ಟಿದ್ದಾರೆ, ಅದು ನನಗೆ ತುಂಬಾ ಇಷ್ಟವಾಯಿತು.

ಆದರೆ ಮೊದಲ ದಿನವೇ ಅಂಕಿ ಕುಣಿಯತೊಡಗಿತು. 24, 26, 25, ಮತ್ತೆ 24. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳುವಿಗೆ 24 ಡಿಗ್ರಿ ಆಸುಪಾಸು ಬೇಕು. "ಕಿಟಕಿ ತೆಗೀಲಾ, ಮುಚ್ಚಲಾ?" ಅಂತ ಅಮ್ಮ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಡೆಯ ಹಳೇ ಥರ್ಮಾಮೀಟರ್ ಮಾತ್ರ 24ರಲ್ಲೇ ನಿಂತಿತ್ತು.

ಸೆನ್ಸರ್ ಬದಲಿಸಿದೆ. ಆಗಲೂ ಅದೇ ಕುಣಿತ. ಬೋರ್ಡ್ ಮಗುಚಿ ಟ್ರ್ಯಾಕ್ (ತಾಮ್ರದ ಗೆರೆ) ಹಿಡಿದು ಹೋದಾಗ ಗೊತ್ತಾಯಿತು. ಈ ಐಸಿಗೆ ಕರೆಂಟ್ ಬರುವ ಪಿನ್ ಎರಡು. 7ನೇ ಪಿನ್ ವಿಸಿಸಿ, ಡಿಜಿಟಲ್ ಭಾಗದ್ದು. 20ನೇ ಪಿನ್ ಎವಿಸಿಸಿ, ಅಳೆಯುವ ಅನಲಾಗ್ ಭಾಗದ್ದು. ತಯಾರಿಸಿದವರು ಡಿಸ್‌ಪ್ಲೇಗೆ ಹೋಗುವ ಸಣ್ಣ ಟ್ರ್ಯಾಕಿನ ತುದಿಗೇ 20ನ್ನೂ ಕಟ್ಟಿದ್ದಾರೆ. ಸೆನ್ಸರಿನ ಗ್ರೌಂಡ್ (ಕರೆಂಟ್ ಮರಳುವ ದಾರಿ) ಕೂಡ ಡಿಸ್‌ಪ್ಲೇಯ ದಾರಿಯಲ್ಲೇ ಬರುತ್ತದೆ.

ಮನೆಗಳಿಗೆ ಬೇರೆ ಲೈನ್ ಕೊಡುವ ನಿರಂತರ ಜ್ಯೋತಿ ಯೋಜನೆ ಬರುವ ಮುಂಚೆ ನಮ್ಮೂರಲ್ಲಿ ಪಂಪ್‌ಸೆಟ್ಟಿಗೂ ಮನೆಗೂ ಒಂದೇ ಲೈನ್ ಇತ್ತು. ಮೋಟಾರ್ ಎದ್ದರೆ ಬಲ್ಬ್ ಮಂಕಾಗುತ್ತಿತ್ತು. ಐಸಿಯಲ್ಲೂ ಅದೇ ಪಾಡು. ಡಿಜಿಟಲ್ ಭಾಗ ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತದೆ, ಪ್ರತಿ ಸಲವೂ ಕರೆಂಟನ್ನು ಜಗ್ಗುತ್ತದೆ. ಪಿನ್ನಿನಿಂದ ಒಳಗಿನ ಚಿಪ್ಪಿಗೆ ಹೋಗುವುದು ಕೂದಲೆಳೆಯಂಥ ತಂತಿ. ಆ ಜಗ್ಗಾಟಕ್ಕೆ ಅದರಲ್ಲೂ ವೋಲ್ಟೇಜ್ ಅಲುಗುತ್ತದೆ. ಡಿಜಿಟಲ್‌ಗೆ ಅದು ಲೆಕ್ಕಕ್ಕಿಲ್ಲ. ಅದಕ್ಕೆ ಸೊನ್ನೆಯೋ ಒಂದೋ ತಿಳಿದರೆ ಸಾಕು. ಅನಲಾಗ್ ಭಾಗದ ಎಡಿಸಿಗೆ, ಅಂದರೆ ವೋಲ್ಟೇಜನ್ನು ಅಂಕಿ ಮಾಡುವ ಭಾಗಕ್ಕೆ, ಹಾಗಲ್ಲ. ಎಲ್‌ಎಂ35 ಒಂದು ಡಿಗ್ರಿಗೆ ಕೊಡುವುದು ಬರೀ 10 ಮಿಲಿವೋಲ್ಟ್. ಎಡಿಸಿ 5 ವೋಲ್ಟನ್ನು 1024 ಮೆಟ್ಟಿಲು ಮಾಡುತ್ತದೆ, ಒಂದೊಂದು ಸುಮಾರು 4.9 ಮಿಲಿವೋಲ್ಟ್. ನಾಲ್ಕು ಮೆಟ್ಟಿಲು ಜಾರಿದರೆ ಎರಡು ಡಿಗ್ರಿ ತಪ್ಪು! ಅದಕ್ಕೇ ಅನಲಾಗ್‌ಗೆ ಬೇರೆ ಪಿನ್, ಒಳಗೆ ಬೇರೆ ತಂತಿ. ಹೊರಗೆ ಬೋರ್ಡಿನಲ್ಲಿ ಮತ್ತೆ ಒಂದೇ ಟ್ರ್ಯಾಕಿಗೆ ಕಟ್ಟಿದರೆ ಒಳಗೆ ಬೇರೆ ಮಾಡಿದ್ದೆಲ್ಲ ದಂಡ ಅಲ್ವಾ?

20ನೇ ಪಿನ್ನನ್ನು ಸಾಕೆಟ್ಟಿನಿಂದ ಹೊರಕ್ಕೆ ಬಗ್ಗಿಸಿದೆ. 5 ವೋಲ್ಟ್ ಕೊಡುವ ರೆಗ್ಯುಲೇಟರಿನಿಂದ ಅದಕ್ಕೆ ನೇರ ಒಂದು ತಂತಿ, ಜಗ್ಗಾಟ ತಡೆಯಲು ನಡುವೆ 10 ಮೈಕ್ರೋಹೆನ್ರಿ ಇಂಡಕ್ಟರ್, ಪಿನ್ನಿನ ಬುಡದಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಐಸಿಯ ಡೇಟಾಶೀಟಿನಲ್ಲೇ ಇರುವ ಲೆಕ್ಕ ಇದು. ಸೆನ್ಸರಿನ ಗ್ರೌಂಡನ್ನು ಹತ್ತಿರದ 22ನೇ ಪಿನ್ನಿಗೆ ತಂದೆ, ಅದು ಐಸಿಯ ಗ್ರೌಂಡ್ ಪಿನ್. ಬೇರೆ ಪಿನ್ ಅಂತ ಬೇರೆ ಅಡಾಪ್ಟರಿನಿಂದ ಮಾತ್ರ ಕೊಡಬೇಡಿ. ಎರಡು ಸಪ್ಲೈ ನಡುವೆ 0.3 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಈಗ ಅಂಕಿ ಗೋಡೆಯ ಥರ್ಮಾಮೀಟರಿನ ಜೊತೆಗೇ ಏರುತ್ತದೆ, ಇಳಿಯುತ್ತದೆ. ಅಮ್ಮ ಅದನ್ನು ನೋಡಿಯೇ ಕಿಟಕಿ ತೆಗೆಯುತ್ತಾರೆ.

ನಾನು 5ಕ್ಕೆ 3 ಕೊಡುತ್ತೇನೆ. ಸಾಲ್ಡರ್ ಮಾಡಲು ಬರುವವರು ತಗೊಳ್ಳಿ. ಬಾರದವರು ಸ್ವಲ್ಪ ಕಾಯಿರಿ. ತಿದ್ದಿದ ಬೋರ್ಡನ್ನು ಅಂಗಡಿಯವರಿಗೆ ತೋರಿಸಿ ಬಂದಿದ್ದೇನೆ, ತಯಾರಿಸಿದವರಿಗೆ ಹೇಳುತ್ತೇವೆ ಅಂದಿದ್ದಾರೆ.