ಟೇಪಿನ ಯಾಗಿಯೋ, ವಿ ಡೈಪೋಲೋ?

ಹ್ಯಾಮ್‌ಗಳಿಗಾಗಿ, ಅಂದರೆ ಹವ್ಯಾಸಿ ರೇಡಿಯೋದವರಿಗಾಗಿ, ಇಸ್ರೋ ಬಿಟ್ಟ ಉಪಗ್ರಹ ಹ್ಯಾಮ್‌ಸ್ಯಾಟ್ ಹಾರಿದ್ದು 2005ರಲ್ಲಿ, ಸುಮ್ಮನಾಗಿದ್ದು 2014ರಲ್ಲಿ. ಅಷ್ಟೂ ವರ್ಷ ನನ್ನ ಹತ್ತಿರ ರೇಡಿಯೋನೇ ಇರಲಿಲ್ಲ. ಆ ಹೊಟ್ಟೆಯುರಿ ತೀರಿಸಿಕೊಳ್ಳಲು ಈಗ ತಾರಸಿ ಹತ್ತಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರಿಪೀಟರ್ (ಕೆಳಗಿನ ಹ್ಯಾಮ್‌ಗಳ ಮಾತನ್ನು ಮರುಪ್ರಸಾರ ಮಾಡುವ ರೇಡಿಯೋ) ಕೇಳುತ್ತಿದ್ದೇನೆ. ಅಲ್ಲಿಂದ ದನಿ ಬರುವುದು 437.800 ಮೆಗಾಹರ್ಟ್ಸ್‌ನಲ್ಲಿ. ಕೇಳಲು ಎರಡು ಆಂಟೆನಾ ಮಾಡಿದೆ: ವಿ ಡೈಪೋಲ್ ಒಂದು, ಯಾಗಿ ಒಂದು.

ವಿ ಡೈಪೋಲ್ ಸೋಮಾರಿಗಳ ಆಂಟೆನಾ. 16 ಸೆಂ.ಮೀ. ಚಿಲ್ಲರೆ ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿ, ನಡುವೆ 120 ಡಿಗ್ರಿ, ಅಷ್ಟೇ. ನೀರಿನ ಟ್ಯಾಂಕಿನ ಪಕ್ಕ ಕೋಲಿಗೆ ಕಟ್ಟಿ, ಕೇಬಲ್ ಕೆಳಗಿಳಿಸಿ ಲ್ಯಾಪ್‌ಟಾಪಿನ ಡಾಂಗಲ್‌ಗೆ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್) ಸಿಕ್ಕಿಸಿದರೆ ಕಾಫಿ ಕುಡಿಯುತ್ತಾ ಕೇಳಬಹುದು.

ಯಾಗಿಯನ್ನು ನಿಲ್ದಾಣದ ಕಡೆಗೇ ಗುರಿಯಿಟ್ಟು ಹಿಡಿಯಬೇಕು. ಅದಕ್ಕೆ ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಅಳತೆ ಟೇಪ್ ಕತ್ತರಿಸಿ ಐದು ತುಂಡನ್ನು ಪಿವಿಸಿ ಪೈಪಿಗೆ ಬಿಗಿದೆ. ಟೇಪಿನ ಹಳದಿ ಬಣ್ಣ ಉಜ್ಜಿ ತೆಗೆಯದೆ ಬೆಸುಗೆ ಹಾಕಲು ಹೋಗಿ ಸೀಸ ಗುಂಡುಗುಂಡಾಗಿ ಉರುಳಿಹೋಯಿತು. ಮರಳುಕಾಗದದಲ್ಲಿ ತಿಕ್ಕಿದ ಮೇಲೆ ಹಿಡಿಯಿತು. ಕತ್ತರಿಸಿದ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಜೋಪಾನ.

ನಿಲ್ದಾಣ ತಲೆ ಮೇಲೆ ಹಾದರೂ ಸಿಗುವುದು ಹತ್ತು ನಿಮಿಷ. ಡೈಪೋಲ್‌ನಲ್ಲಿ ನಡುವಿನ ಮೂರ್ನಾಲ್ಕು ನಿಮಿಷ ಮಾತ್ರ ಮಾತು ಕೇಳಿತು, ಉಳಿದದ್ದೆಲ್ಲ ಬರೀ ಸುಯ್ ಅನ್ನುವ ಸದ್ದು. ಉದ್ದ ಕೇಬಲ್ಲೇ ಅರ್ಧ ಸಿಗ್ನಲ್ ನುಂಗುತ್ತಿದೆ, ಇದು ಅನ್ಯಾಯದ ಪಂದ್ಯ ಅಲ್ವಾ? ಹಾಗಾಗಿ ಮರುದಿನ ಡಾಂಗಲನ್ನೇ ಮೇಲಕ್ಕೆ ಒಯ್ದು ಒಂದು ಮೀಟರ್ ಕೇಬಲ್ ಹಾಕಿದೆ. ದನಿ ಚೆನ್ನಾಯಿತು, ಆದರೆ ದಿಗಂತದ ಕಡೆ ಅದಕ್ಕೆ ಕಿವುಡೇ.

ಯಾಗಿ ಹಿಡಿದ ದಿನ ತೆಂಗಿನ ಗರಿಗಳ ಆಚೆ ನಿಲ್ದಾಣ ಮೇಲೇಳುತ್ತಿದ್ದಂತೆ ಯಾರದೋ ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಅಕ್ಷರ-ಅಂಕಿ) ಕಿವಿಗೆ ಬಿತ್ತು. ನಡುವೆ ದನಿ ಗರಗರ ಅಂದಿತು. ಮಣಿಕಟ್ಟನ್ನು ಕಾಲು ಸುತ್ತು ತಿರುಗಿಸಿದೆ, ತಿಳಿಯಾಯಿತು. ನಿಲ್ದಾಣ ಸಾಗಿದಂತೆ ಅಲೆಗಳ ವಾಲಿಕೆ ಬದಲಾಗುತ್ತದೆ, ಕೋಲಿಗೆ ಕಟ್ಟಿದ ಡೈಪೋಲ್‌ಗೆ ಹಾಗೆ ಹೊರಳಲು ಬರುವುದಿಲ್ಲ.

ಆದರೆ ಯಾಗಿ ಕೈಯಲ್ಲಿದ್ದಾಗ ಕೈಗಳು ಸಾಲವು. ನಿಲ್ದಾಣ ಹತ್ತಿರ ಬಂದು ದೂರ ಸರಿಯುವಾಗ ಆಗುವ ಡಾಪ್ಲರ್ ಪರಿಣಾಮದಿಂದಾಗಿ ಫ್ರೀಕ್ವೆನ್ಸಿ 437.810ರಲ್ಲಿ ಶುರುವಾಗಿ 437.790ಕ್ಕೆ ಜಾರುತ್ತದೆ. ವಾಕಿಟಾಕಿಯಲ್ಲಿ ಐದು ಚಾನೆಲ್ ಮೊದಲೇ ತುಂಬಿಟ್ಟು ಹೆಬ್ಬೆರಳಲ್ಲಿ ಬದಲಿಸುತ್ತಾ ಹೋಗಬೇಕು. ಲ್ಯಾಪ್‌ಟಾಪಿನಲ್ಲಾದರೆ ಆ ಜಾರುವಿಕೆಯೇ ಪರದೆ ಮೇಲೆ ಓರೆ ಗೆರೆಯಾಗಿ ಕಾಣುತ್ತದೆ.

ಒಂದೇ ಮಾಡುವುದಾದರೆ ಯಾಗಿಯನ್ನೇ ಮಾಡಿ. ನಾನಂತೂ ಡೈಪೋಲ್ ಬಿಚ್ಚಿಲ್ಲ. ರಾತ್ರಿ ಮೂರು ಗಂಟೆಗೆ ನಿಲ್ದಾಣ ಹಾದುಹೋಗುವಾಗ ತಾರಸಿ ಹತ್ತುವವರು ಯಾರು? ಅದನ್ನು ಲ್ಯಾಪ್‌ಟಾಪೇ ರೆಕಾರ್ಡ್ ಮಾಡಿಕೊಳ್ಳುತ್ತದೆ.