ಪುನರ್ವಸು ಮಳೆಯಲ್ಲಿ ಬಂದ ಬೇಸ್ ಗಿಟಾರ್: ಮೊದಲ ಮೂರು ವಾರ

ಪುನರ್ವಸು ಮಳೆ ಹಿಡಿದ ಮೂರನೆಯ ದಿನ, ನಾಲ್ಕು ಅಡಿಗಿಂತ ಉದ್ದದ ರಟ್ಟಿನ ಪೆಟ್ಟಿಗೆಯೊಂದು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿತು. ಕೊರಿಯರ್ ಹುಡುಗ ತಾನು ಪೂರ್ತಿ ನೆನೆದಿದ್ದರೂ ಪೆಟ್ಟಿಗೆಗೆ ಗೊಬ್ಬರದ ಚೀಲದ ಕೊಪ್ಪೆ ಹೊದಿಸಿಕೊಂಡು ತಂದಿದ್ದ. ಒಳಗಿದ್ದುದು ನಾಲ್ಕು ತಂತಿಯ ಎಲೆಕ್ಟ್ರಿಕ್ ಬೇಸ್ ಗಿಟಾರ್. ಬಟ್ಟೆಯ ಚೀಲ, ಒಂದು ಕೇಬಲ್, ಸ್ಕ್ರೂ ತಿರುಗಿಸುವ ಎರಡು ಆಲನ್ ಕೀಗಳು ಸೇರಿ ನಾನು ಕೊಟ್ಟದ್ದು 13,500 ರೂಪಾಯಿ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದೇ ಒಂದು ವಾದ್ಯವನ್ನು, ಅದೂ ಮೂರೇ ವಾರ ನುಡಿಸಿ, ತಯಾರಕರ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಅಲ್ಲದೆ ಮುಂದೆ ಹೇಳಲಿರುವ ಗುಣದೋಷಗಳು ಈ ಬೆಲೆಯ ಹೆಚ್ಚಿನ ವಾದ್ಯಗಳಿಗೆ ಅನ್ವಯಿಸುವಂಥವೇ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ನಮ್ಮದು ಭಾವಗೀತೆ, ಜನಪದ ಗೀತೆಗಳನ್ನು ಹಾಡುವ ಸಣ್ಣ ತಂಡ. ಹಾರ್ಮೋನಿಯಂ, ತಬಲ, ಕೀಬೋರ್ಡ್, ಒಂದು ಗಿಟಾರ್, ಇಷ್ಟೇ ನಮ್ಮ ಪರಿವಾರ. ಬೇಸ್ ಸ್ವರಗಳನ್ನು, ಅಂದರೆ ಹಾಡಿನ ತಳದ ಮಂದ್ರ ಸ್ವರಗಳನ್ನು, ಇಷ್ಟು ವರ್ಷ ಕೀಬೋರ್ಡ್ ನುಡಿಸುವವರೇ ಎಡಗೈಯಲ್ಲಿ ತೂಗಿಸಿಕೊಂಡು ಬಂದಿದ್ದರು. ಬಲಗೈಗೆ ಕೊಳಲಿನ ತುಣುಕೊ ವಯಲಿನ್ನಿನ ತುಣುಕೊ ಬಂದೊಡನೆ ಎಡಗೈ ಮರೆತುಹೋಗುವುದು, ಹಾಡಿನ ತಳ ಕಳಚಿದಂತಾಗುವುದು ಪ್ರತಿ ಕಾರ್ಯಕ್ರಮದಲ್ಲೂ ಇದ್ದದ್ದೇ. ಗಿಟಾರ್ ನುಡಿಸುವ ನಾನು ಬೇಸ್ ಕಲಿತುಕೊಳ್ಳುವುದೆಂದು ತೀರ್ಮಾನವಾಯಿತು. ಹಾಗಾಗಿ ಈ ವಾದ್ಯವನ್ನು ನಾನು ಪರೀಕ್ಷಿಸಿದ್ದು ರಾಕ್ ಸಂಗೀತಕ್ಕಾಗಿ ಅಲ್ಲ, ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಕುಳಿತು ನುಡಿಸುವುದಕ್ಕಾಗಿ. ಈ ಒಂದು ವ್ಯತ್ಯಾಸದಿಂದ ನನ್ನ ಅಭಿಪ್ರಾಯಗಳು ಬೇರೆಡೆ ಓದಸಿಗುವ ವಿಮರ್ಶೆಗಳಿಗಿಂತ ಬೇರೆಯಾಗಿ ಕಾಣಬಹುದು.

ವಿನ್ಯಾಸದಲ್ಲಿ ಹೊಸತೇನೂ ಇಲ್ಲ. ಅಮೆರಿಕದ ಲಿಯೋ ಫೆಂಡರ್ ಅವರ ಕಾರ್ಖಾನೆಯಿಂದ 1951ರಲ್ಲಿ ಹೊರಬಂದ ಪ್ರಿಸಿಷನ್ ಬೇಸ್, 1960ರಲ್ಲಿ ಬಂದ ಜಾಝ್ ಬೇಸ್, ಇವೆರಡರ ಅಚ್ಚಿನಲ್ಲೇ ಇಂದಿಗೂ ಅಗ್ಗದ ಬೇಸ್‌ಗಳು ತಯಾರಾಗುತ್ತವೆ. ನನ್ನದು ಎರಡನೆಯದರ ಅನುಕರಣೆ: ಕಂಪಿಸುವ ತಂತಿಯ ಉದ್ದ 34 ಇಂಚು, ಫ್ರೆಟ್‌ಗಳು 20, ತುದಿಯಲ್ಲಿ ತಂತಿ ಕೂರುವ ನಟ್ ಬಳಿ ಕುತ್ತಿಗೆಯ ಅಗಲ 38 ಮಿಲಿಮೀಟರ್, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂಟಿ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್ ಎರಡು, ತಿರುಗುಬಟನ್ ಮೂರು. ಬ್ಯಾಟರಿ ಬೇಡದ ಪ್ಯಾಸಿವ್ ಸರ್ಕ್ಯೂಟ್. ವೀಣೆಯಲ್ಲಿ ಮೆಟ್ಟಿಲು ಎನ್ನುತ್ತೇವಲ್ಲ, ಅದೇ ಇಲ್ಲಿ ಫ್ರೆಟ್. ಆದರೆ ಗಿಟಾರ್ ನುಡಿಸಿ ರೂಢಿಯಾದ ಕೈಗೆ ಮೊದಲ ದಿನ ಗಾಬರಿಯಾಗುವುದು ಫ್ರೆಟ್‌ಗಳ ನಡುವಿನ ದೂರದಿಂದ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಮೊದಲ ಮನೆಯ ಅಗಲ ಸುಮಾರು 36 ಮಿಲಿಮೀಟರ್ ಆದರೆ ಇಲ್ಲಿ 48ರ ಮೇಲಿದೆ. ನನ್ನ ಕಿರುಬೆರಳು ಮೊದಲ ವಾರವಿಡೀ ಮುಷ್ಕರ ಹೂಡಿತ್ತು.

ಹೊರನೋಟಕ್ಕೆ ಬೆಲೆಯನ್ನು ಮೀರಿದ ಅಚ್ಚುಕಟ್ಟಿದೆ. ಬಣ್ಣ ಎಲ್ಲಿಯೂ ಸೋರಿಲ್ಲ, ಕುತ್ತಿಗೆ ಮೈಗೆ ಸೇರುವ ಸಂದಿನಲ್ಲಿ ಕಾಗದವೂ ತೂರುವುದಿಲ್ಲ. ಶ್ರುತಿ ಕೀಲಿಗಳು ಮಾತ್ರ ಸ್ವಲ್ಪ ಸಡಿಲ. ಕೊರಳಿಗೆ ಹಾಕಿಕೊಂಡು ಎಡಗೈ ಬಿಟ್ಟರೆ ತಲೆಯ ಭಾಗ ನಿಧಾನವಾಗಿ ನೆಲದ ಕಡೆಗೆ ಬಾಗುತ್ತದೆ, ಅಗಲವಾದ ಒರಟು ಬಟ್ಟೆಯ ಪಟ್ಟಿ ಹಾಕಿದ ಮೇಲೆ ಆ ತೊಂದರೆ ಬಹುಮಟ್ಟಿಗೆ ನಿಂತಿತು.

ನಿಜವಾದ ದೋಷ ಕಣ್ಣಿಗೆ ಕಾಣದ ಜಾಗದಲ್ಲಿತ್ತು. ಬೇಸ್‌ನ ನಾಲ್ಕು ತಂತಿಗಳು ಸ್ವರದಲ್ಲಿ ಕೆಳಗಿನಿಂದ ಮೇಲಕ್ಕೆ ಇ, ಎ, ಡಿ, ಜಿ. ಅಂದರೆ ಪ್ರತಿ ತಂತಿಯೂ ತನ್ನ ಕೆಳಗಿನ ತಂತಿಗೆ ಶುದ್ಧ ಮಧ್ಯಮ. ನಮ್ಮ ಗಾಯಕರ ಶ್ರುತಿ ಕಪ್ಪು ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಸಿ ಶಾರ್ಪ್. ಅದು ಎ ತಂತಿಯ ನಾಲ್ಕನೆಯ ಫ್ರೆಟ್‌ನಲ್ಲಿ ಸಿಗುತ್ತದೆ, ಅದೇ ಫ್ರೆಟ್‌ನಲ್ಲಿ ಕೆಳಗಿನ ತಂತಿಯಲ್ಲಿ ಮಂದ್ರ ಪಂಚಮ, ಮೇಲಿನ ತಂತಿಯಲ್ಲಿ ಮಧ್ಯಮ. ಕೈ ಕದಲಿಸದೆ ಮ, ಸ, ಪ ಮೂರೂ ಒಂದೇ ಸಾಲಿನಲ್ಲಿ ದೊರೆಯುವ ಈ ಸುಖ ಹಾರ್ಮೋನಿಯಮ್ಮಿನಲ್ಲೂ ಇಲ್ಲ. ಗಾಯಕಿಯೊಬ್ಬರ ಶ್ರುತಿ ಕಪ್ಪು ಐದು, ಅಂದರೆ ಎ ಶಾರ್ಪ್, ಆಗ ಷಡ್ಜ ಎ ತಂತಿಯ ಮೊದಲನೆಯ ಫ್ರೆಟ್‌ಗೆ ಇಳಿಯುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ನುಡಿಸುವವರು ಬಿಟ್ಟ ತಂತಿಯನ್ನು, ಅಂದರೆ ಎಡಗೈ ಒತ್ತದೆ ಮೀಟುವ ತಂತಿಯನ್ನು, ಧಾರಾಳವಾಗಿ ಬಳಸುತ್ತಾರೆ. ನಮ್ಮ ಶ್ರುತಿಗಳಿಗೆ ಬಿಟ್ಟ ತಂತಿ ಒದಗುವುದು ಅಪರೂಪವಾದ್ದರಿಂದ, ಮೊದಲ ನಾಲ್ಕು ಫ್ರೆಟ್‌ಗಳೇ ನಮ್ಮ ಅಂಗಳ.

ಆ ಅಂಗಳದಲ್ಲೇ ಕಲ್ಲಿತ್ತು. ಎ ತಂತಿಯ ಮೊದಲ ಫ್ರೆಟ್ ಒತ್ತಿದರೆ ಶ್ರುತಿ ಅಳೆಯುವ ಮೊಬೈಲಿನ ಟ್ಯೂನರ್ 18 ಸೆಂಟ್ ಹೆಚ್ಚು ತೋರಿಸುತ್ತಿತ್ತು. ಒಂದು ಅರ್ಧಸ್ವರದ ನೂರನೆಯ ಒಂದು ಪಾಲು ಸೆಂಟ್. ಹದಿನೆಂಟು ದೊಡ್ಡ ಸಂಖ್ಯೆಯಲ್ಲ ಎನ್ನಿಸಬಹುದು, ಆದರೆ ಹಾರ್ಮೋನಿಯಮ್ಮಿನ ಷಡ್ಜವನ್ನು ಒತ್ತಿಹಿಡಿದು ಇದನ್ನು ಮೀಟಿದಾಗ ಸೆಕೆಂಡಿಗೆ ಎರಡು ಮೂರು ಬಾರಿ ವಾವ್ ವಾವ್ ಎಂದು ಅಲೆ ಏಳುತ್ತಿತ್ತು. ಕಾರಣ ನಟ್. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಆ ಪ್ಲಾಸ್ಟಿಕ್ ಪಟ್ಟಿಯ ಗಾಡಿಗಳನ್ನು, ಅಂದರೆ ಸೀಳುಗಳನ್ನು, ಕಾರ್ಖಾನೆಯಲ್ಲಿ ಸಾಕಷ್ಟು ಆಳಕ್ಕೆ ಕೊರೆದಿರಲಿಲ್ಲ. ತಂತಿ ಎತ್ತರದಲ್ಲಿ ಕುಳಿತರೆ ಅದನ್ನು ಫ್ರೆಟ್‌ಗೆ ಮುಟ್ಟಿಸಲು ಹೆಚ್ಚು ಬಗ್ಗಿಸಬೇಕು, ಬಗ್ಗಿಸಿದಷ್ಟೂ ಬಿಗಿ ಏರುತ್ತದೆ, ಬಿಗಿ ಏರಿದರೆ ಸ್ವರ ಏರುತ್ತದೆ. ನಟ್‌ಗೆ ಹತ್ತಿರವಿರುವ ಮೊದಲ ಫ್ರೆಟ್‌ನಲ್ಲಿ ಈ ದೋಷ ಅತಿ ಹೆಚ್ಚು, ಐದನೆಯದಕ್ಕೆ ಬರುವಷ್ಟರಲ್ಲಿ ಗಮನಕ್ಕೂ ಬರುವುದಿಲ್ಲ. ಅಗ್ಗದ ವಾದ್ಯಗಳಲ್ಲಿ ಇದು ಸಾಮಾನ್ಯ. ಗಾಡಿ ಕಡಿಮೆ ಕೊರೆದರೆ ವಾದ್ಯ ಒತ್ತಲು ಬಿಗಿಯಾಗಿದೆ ಎನ್ನಿಸುತ್ತದೆ ಅಷ್ಟೆ. ಹೆಚ್ಚು ಕೊರೆದರೆ ಫ್ರೆಟ್‌ಗೆ ತಗುಲಿ ಝರ್ರೆಂದು ಸದ್ದು ಮಾಡುತ್ತದೆ, ವಾದ್ಯ ವಾಪಸ್ಸು ಬರುತ್ತದೆ.

ಸರಿಪಡಿಸಲು ತೀರ ಸಣ್ಣ ಅರಗಳು ಬೇಕು. ಅವು ಇರುವುದು ಅಕ್ಕಸಾಲಿಗರಲ್ಲಿ ಎಂದು ಹೊಳೆದು, ವಾದ್ಯವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಪರಿಚಯದ ಆಚಾರ್ಯರ ಅಂಗಡಿಗೆ ಹೋದೆ. ಅವರು ಕಣ್ಣಿಗೆ ಮಸೂರ ಏರಿಸಿ ನಟ್ ಅನ್ನು ಬಹಳ ಹೊತ್ತು ನೋಡಿ, "ಮೇಷ್ಟ್ರೇ, ಚಿನ್ನ ಆದ್ರೆ ಅರ ಹೊಡೆದ ಪುಡೀನ ಕರಗಿಸಿ ಮತ್ತೆ ಕೂಡಿಸ್ತೀನಿ. ಇದಕ್ಕೆ ಏನು ಮಾಡ್ಲಿ?" ಎಂದರು. ನಾನು, "ಅದಕ್ಕೇ ಆಚಾರ್ರೇ, ಒಂದು ಸಲ ಉಜ್ಜಿ, ನಾಲ್ಕು ಸಲ ನೋಡಿ," ಎಂದೆ. ಎರಡನೆಯ ಮತ್ತು ಮೂರನೆಯ ಫ್ರೆಟ್ ನಡುವೆ ತಂತಿಯನ್ನು ಒತ್ತಿಹಿಡಿದು, ಮೊದಲ ಫ್ರೆಟ್ ಮೇಲೆ ಉಳಿಯುವ ಸಂದನ್ನು ನೋಡುವುದು ಇದರ ಪರೀಕ್ಷೆ. ಆ ಸಂದು ಇದ್ದೂ ಇಲ್ಲದಂತೆ, ಕೂದಲೆಳೆಯಷ್ಟಿರಬೇಕು. ಗಾಡಿ ಹಿಂದಕ್ಕೆ, ಕೀಲಿಗಳ ಕಡೆಗೆ, ತುಸು ಇಳಿಜಾರಾಗಿಯೂ ಇರಬೇಕು. ಇಲ್ಲವಾದರೆ ತಂತಿ ಸಿತಾರಿನಂತೆ ಜೇಂಕರಿಸುತ್ತದೆ. ನಾಲ್ಕು ಗಾಡಿಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎ ತಂತಿಯ ಮೊದಲ ಫ್ರೆಟ್ ಈಗ 4 ಸೆಂಟ್ ಮಾತ್ರ ಮೇಲಿದೆ. ಆಚಾರ್ಯರು ತೆಗೆದುಕೊಂಡದ್ದು 200 ರೂಪಾಯಿ, ಜೊತೆಗೆ ಒಂದು ಹಾಡು ನುಡಿಸಬೇಕೆಂಬ ಒತ್ತಾಯ. ಆಂಪ್ಲಿಫಯರ್ ಇಲ್ಲದ ಬೇಸ್‌ನಲ್ಲಿ ನುಡಿಸಿದ್ದು ಅವರ ಬೆಳ್ಳಿ ತಕ್ಕಡಿಗೆ ಮಾತ್ರ ಕೇಳಿಸಿರಬೇಕು.

ಇನ್ನುಳಿದ ಹೊಂದಾಣಿಕೆಗಳನ್ನು ಮನೆಯಲ್ಲೇ ಮಾಡಿಕೊಂಡೆ. ಈ ನಾಲ್ಕು ತಂತಿಗಳು ಸೇರಿ ಕುತ್ತಿಗೆಯನ್ನು ಎಳೆಯುವ ಬಲ 70ರಿಂದ 80 ಕಿಲೋ, ಒಂದು ಅಡಿಕೆ ಮೂಟೆಗೆ ಕಡಿಮೆಯಿಲ್ಲ. ಅದಕ್ಕೆ ಎದುರಾಗಿ ಕುತ್ತಿಗೆಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಮಳೆಗಾಲದಲ್ಲಿ ನಮ್ಮ ಹಳೆಯ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಂಡವರಿಗೆ ಮರದ ಸ್ವಭಾವವನ್ನು ವಿವರಿಸಬೇಕಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯ ಆಗುಂಬೆ ನಮ್ಮ ತಾಲ್ಲೂಕಿನದೇ ಎಂಬುದನ್ನು ವಾದ್ಯ ಕೊಳ್ಳುವಾಗ ಮರೆಯಬಾರದು. ಪೆಟ್ಟಿಗೆ ಬಿಚ್ಚಿದ ದಿನ ಹೆಚ್ಚುಕಡಿಮೆ ನೇರವಾಗಿದ್ದ ಕುತ್ತಿಗೆ ವಾರ ಕಳೆಯುವಷ್ಟರಲ್ಲಿ ಬಿಲ್ಲಿನಂತೆ ಮುಂದಕ್ಕೆ ಬಾಗಿತ್ತು, ಹನ್ನೆರಡನೆಯ ಫ್ರೆಟ್ ಬಳಿ ತಂತಿಯ ಎತ್ತರ 3 ಮಿಲಿಮೀಟರ್ ಮೀರಿತ್ತು. ಸರಳನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮರುದಿನ ಮತ್ತೆ ಅಳೆದೆ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬಾರದೆಂಬ ನಿಯಮವನ್ನು ಆತುರಗಾರರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳಿತು. ಆಮೇಲೆ ಮೈಯ ಮೇಲೆ ತಂತಿಗಳ ಇನ್ನೊಂದು ತುದಿ ಕೂರುವ ಬ್ರಿಡ್ಜ್‌ನ ಪುಟ್ಟ ಸ್ಕ್ರೂಗಳನ್ನು ಇಳಿಸಿ ತಂತಿಯ ಎತ್ತರವನ್ನು 2.3 ಮಿಲಿಮೀಟರಿಗೆ ತಂದೆ. ಸ್ಕ್ರೂಗಳೆಲ್ಲವೂ ಸಲೀಸಾಗಿ ತಿರುಗಿದವು, ಒಂದರ ತಲೆಯೂ ಸವೆಯಲಿಲ್ಲ. ಇದನ್ನು ನಾನು ತಯಾರಕರ ಲೆಕ್ಕದಲ್ಲಿ ಜಮೆ ಮಾಡುತ್ತೇನೆ.

ವಿದ್ಯುತ್ ಭಾಗದ ಬಗ್ಗೆ ಎರಡು ಮಾತು ಸಾಕು. ಸಿಂಗಲ್ ಕಾಯಿಲ್ ಪಿಕಪ್‌ಗಳು ಮನೆಯ ಕರೆಂಟಿನ ಗುಂಯ್‌ಗುಡುವ ಸದ್ದನ್ನು ಹಿಡಿಯುತ್ತವೆ, ಟ್ಯೂಬ್‌ಲೈಟಿನ ಕೆಳಗೆ ಕುಳಿತರಂತೂ ಕೇಳುವುದೇ ಬೇಡ. ಎರಡೂ ಪಿಕಪ್‌ಗಳ ವಾಲ್ಯೂಮನ್ನು ಪೂರ್ತಿ ತೆರೆದರೆ ಆ ಸದ್ದು ಥಟ್ಟನೆ ಅಡಗುತ್ತದೆ, ಏಕೆಂದರೆ ಒಂದರ ಸುರುಳಿ ಮತ್ತೊಂದಕ್ಕೆ ವಿರುದ್ಧವಾಗಿ ಸುತ್ತಿದ್ದು, ಹೊರಗಿನ ಗೊಂದಲವನ್ನು ಎರಡೂ ಪರಸ್ಪರ ಅಳಿಸಿಹಾಕುತ್ತವೆ. ನನ್ನ ವಾದ್ಯದಲ್ಲಿ ಈ ಏರ್ಪಾಡು ಸರಿಯಾಗಿದೆ. ಯಾವುದೋ ಒಂದನ್ನು ಸ್ವಲ್ಪ ಇಳಿಸಿದೊಡನೆ ಗುಂಯ್ ಮರಳುತ್ತದೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ದೋಷವಲ್ಲ, ತಂತಿಗಳು ಬ್ರಿಡ್ಜ್ ಮೂಲಕ ಗ್ರೌಂಡ್‌ಗೆ ಸೇರಿರುವುದರ ಲಕ್ಷಣ. ಮನೆಯ ಅರ್ತಿಂಗ್ ಸರಿಯಿಲ್ಲದ ಕಡೆ ಮಾತ್ರ ಎಚ್ಚರ ಬೇಕು. ಗುಡುಗು ಶುರುವಾದರೆ ಪ್ಲಗ್ ಕಿತ್ತು ಪಕ್ಕಕ್ಕಿಡುವುದು ನಮ್ಮ ಕಡೆ ಹೇಗೂ ಅಭ್ಯಾಸ.

ನಾದದ ವಿಷಯಕ್ಕೆ ಬಂದರೆ, ನಾನು ನಿರೀಕ್ಷಿಸಿದ್ದಕ್ಕಿಂತ ಒಳ್ಳೆಯದು ಸಿಕ್ಕಿದೆ. ಬ್ರಿಡ್ಜ್ ಕಡೆಯ ಪಿಕಪ್ ಒಂದೇ ಇದ್ದರೆ ಮೂಗಿನಿಂದ ಮಾತನಾಡಿದ ಹಾಗೆ, ಕುತ್ತಿಗೆಯ ಕಡೆಯದು ಒಂದೇ ಇದ್ದರೆ ದುಂಡಗೆ, ಎರಡೂ ಸೇರಿದರೆ ಸ್ಪಷ್ಟವಾಗಿ ಕೇಳುತ್ತದೆ. ಹೊಸ ತಂತಿಗಳ ಲೋಹದ ಕಿಣಿಕಿಣಿ ಭಾವಗೀತೆಗೆ ಒಗ್ಗುವುದಿಲ್ಲ. ಟೋನ್ ಬಟನ್ನನ್ನು ಮುಕ್ಕಾಲು ಭಾಗ ಇಳಿಸಿ, ಪಾತ್ರೆ ತೊಳೆಯುವ ಸ್ಪಂಜಿನ ತುಂಡೊಂದನ್ನು ಬ್ರಿಡ್ಜ್ ಬಳಿ ತಂತಿಗಳ ಅಡಿ ತುರುಕಿದೆ. ನಾದ ಗಿಡ್ಡವಾಗಿ, ಮೆತ್ತಗಾಗಿ, ಹಾಡಿನ ಮಾತುಗಳಿಗೆ ಜಾಗ ಬಿಟ್ಟುಕೊಟ್ಟಿತು. ತಬಲದವರಿಗೆ ಇದರಿಂದ ನನಗಿಂತ ಹೆಚ್ಚು ಸಂತೋಷವಾಯಿತು. ಡಗ್ಗದ ಗುಮಕಿಯೂ ಬೇಸ್‌ನ ಮಂದ್ರವೂ ಒಂದೇ ಸ್ಥಳಕ್ಕೆ ಜಗಳವಾಡುತ್ತಿವೆ ಎಂಬುದು ಅವರ ದೂರು ಆಗಿತ್ತು.

ಒಂದು ಕೊರತೆ ಉಳಿದಿದೆ. ಜಿ ತಂತಿಯ ಆರನೆಯ ಫ್ರೆಟ್‌ನಲ್ಲಿ ನಾದ ಹುಟ್ಟಿದಷ್ಟೇ ಬೇಗ ಸಾಯುತ್ತದೆ, ಅಕ್ಕಪಕ್ಕದ ಸ್ವರಗಳು ನಾಲ್ಕು ಮಾತ್ರೆ ನಿಂತರೆ ಇದು ಒಂದಕ್ಕೇ ಮುಗಿಯುತ್ತದೆ. ಆ ಕಂಪನಕ್ಕೆ ಕುತ್ತಿಗೆಯ ಮರವೇ ಅನುರಣಿಸಿ ಶಕ್ತಿಯನ್ನು ಹೀರಿಕೊಳ್ಳುವುದು ಇದಕ್ಕೆ ಕಾರಣ. ಈ ಮಾದರಿಯ ದುಬಾರಿ ವಾದ್ಯಗಳೂ ಇದರಿಂದ ಪೂರ್ತಿ ಪಾರಾಗಿಲ್ಲ. ನನ್ನ ದುರದೃಷ್ಟಕ್ಕೆ ಆ ಸ್ವರ ಕಪ್ಪು ಒಂದರ ಮೇಲಿನ ಷಡ್ಜವೇ. ಅದನ್ನು ಡಿ ತಂತಿಯ ಹನ್ನೊಂದನೆಯ ಫ್ರೆಟ್‌ನಲ್ಲಿ ತೆಗೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ, ಅಲ್ಲಿ ನಾದ ಇನ್ನೂ ದುಂಡಗಿದೆ.

ಕೊಳ್ಳುವವರು ಆಂಪ್ಲಿಫಯರ್‌ಗೂ ಹಣ ತೆಗೆದಿರಿಸಬೇಕು. ಬಿಟ್ಟ ಇ ತಂತಿಯ ಮೂಲಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದ್ದು. ಎಂಟು ಇಂಚಿನ ಸ್ಪೀಕರಿನ ನನ್ನ ಹಳೆಯ ಗಿಟಾರ್ ಆಂಪ್ ಅದನ್ನು ನುಡಿಯುವುದೇ ಇಲ್ಲ. ಮೇಲಿನ ಉಪಸ್ವರಗಳನ್ನು ಕೇಳಿ ಕಿವಿಯೇ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಮನೆಯ ಅಭ್ಯಾಸಕ್ಕೆ ಆ ಊಹೆ ಸಾಕು. ಸದ್ದು ಏರಿಸಿದರೆ ಸ್ಪೀಕರ್ ಹರಿಯುವ ಭಯವಿದೆ.

ಒಟ್ಟು ಲೆಕ್ಕ ಹೀಗೆ: ವಾದ್ಯಕ್ಕೆ 13,500, ನಟ್‌ಗೆ 200, ಕೊರಳ ಪಟ್ಟಿಗೆ 450, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿಗೆ 120. ಬಂದಂತೆಯೇ ನುಡಿಸಿದ್ದರೆ ಇದನ್ನು ಕೊಳ್ಳಬೇಡಿ ಎಂದು ಬರೆಯುತ್ತಿದ್ದೆ, ಅರ ಹಿಡಿದ ನಂತರ ಕೊಳ್ಳಬಹುದು ಎನ್ನುತ್ತೇನೆ. ಹತ್ತಿರದಲ್ಲಿ ನಂಬಿಕೆಯ ಕೈ ಇಲ್ಲದವರು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಅಂಗಡಿಗೆ ಹೋಗಿ, ಮೊದಲ ಫ್ರೆಟ್‌ಗಳನ್ನು ಟ್ಯೂನರ್ ಹಿಡಿದು ಪರೀಕ್ಷಿಸಿಯೇ ಆರಿಸಿಕೊಳ್ಳಲಿ. ಫ್ರೆಟ್‌ಗಳ ತುದಿ ಬೆರಳಿಗೆ ಚುಚ್ಚುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಶಿವರಾತ್ರಿಯ ತನಕ ಕಾಯಬೇಕು. ಈಗ ಮರ ಉಬ್ಬಿರುವುದರಿಂದ ಎಲ್ಲವೂ ನುಣ್ಣಗಿದೆ, ಒಣಹವೆಗೆ ಮರ ಕುಗ್ಗಿದಾಗ ಲೋಹ ಹೊರಗೆ ಇಣುಕುವುದುಂಟು. ತಂತಿಗಳಿಗೆ ಮಾತ್ರ ಆಗಲೇ ಚುಕ್ಕೆ ಚುಕ್ಕೆಯಾಗಿ ತುಕ್ಕು ಕಾಣಿಸಿದೆ, ನುಡಿಸಿದ ಮೇಲೆ ಪ್ರತಿ ಸಲ ಒಣಬಟ್ಟೆಯಿಂದ ಒರೆಸದಿದ್ದುದು ನನ್ನದೇ ತಪ್ಪು. ಬಟ್ಟೆಯ ಚೀಲದ ಒಳಗೆ ಬೂಷ್ಟು ಬರುವ ವಾಸನೆ ಎದ್ದಿದ್ದರಿಂದ ವಾದ್ಯವನ್ನು ಹೊರತೆಗೆದು ನಡುಮನೆಯ ಒಳಗೋಡೆಗೆ ನೇತುಹಾಕಿದ್ದೇನೆ. ಬಚ್ಚಲ ಒಲೆಯ ಪಕ್ಕ ಇಡು, ಬೆಚ್ಚಗಿರುತ್ತದೆ ಎಂಬ ಅಮ್ಮನ ಸಲಹೆಯನ್ನು ವಿನಯದಿಂದ ನಿರಾಕರಿಸಲಾಗಿದೆ.

ಪುಷ್ಯ ಮಳೆ ಮುಗಿಯುತ್ತ ಬಂದಿದೆ. ಗಣಪತಿ ಹಬ್ಬದ ಮೊದಲ ಕಾರ್ಯಕ್ರಮಕ್ಕೆ ಇದನ್ನೇ ಒಯ್ಯುವುದೆಂದು ನಿಶ್ಚಯವಾಗಿದೆ. ಎಡಗೈ ಕೆಲಸವನ್ನು ಬಿಟ್ಟುಕೊಡಲು ಕೀಬೋರ್ಡಿನವರು ಒಪ್ಪಿದ್ದಾರೆ. ಆದರೂ ಮೊದಲ ಎರಡು ಹಾಡುಗಳಿಗೆ ಬೇಸ್ ಸ್ವರಗಳನ್ನು ಸಿದ್ಧವಾಗಿಟ್ಟುಕೊಂಡೇ ಕೂರುವುದಾಗಿ ಹೇಳಿದ್ದಾರೆ.