ನೇತ್ರಾಣಿಗೆ ಅಂತ ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ

ಬರೆಯೋದೋ ಬೇಡವೋ ಅಂತ ಎರಡು ವಾರ ಕಳೆದುಬಿಟ್ಟೆ. ನಿನ್ನೆ ಸಿದ್ದಾಪುರದ ಗೆಳೆಯನೊಬ್ಬ, ಸಮುದ್ರದಲ್ಲಿ ಡೈವ್ ಮಾಡಿಸ್ತೀವಿ ಅಂತ ನನ್ನ ದುಡ್ಡು ತಿಂದವರ ನಂಬರನ್ನೇ ಕಳಿಸಿ "ಇವ್ರು ಹೇಗೆ ಮಾರಾಯ, ಅಡ್ವಾನ್ಸ್ ಹಾಕಿದೀನಿ" ಅಂದ. ಅವತ್ತೇ ಬರೆದಿದ್ದರೆ ಅವನ ದುಡ್ಡು ಉಳಿಯುತ್ತಿತ್ತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಬೆಂಗಳೂರಿಂದ ಅಕ್ಕ, ಭಾವ, ಅವರ ಮಗ ಬಂದಿದ್ದರು. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋದು, ಮಾಡಬೇಕು ಅನ್ನೋದು ಹುಡುಗನ ಬಹಳ ದಿನದ ಆಸೆ. ಅಂಡಮಾನಿಗೆ ಟಿಕೆಟ್ ನೋಡುತ್ತಿದ್ದ ಭಾವನನ್ನು ತಡೆದವನು ನಾನೇ. "ನಮ್ಮ ಜಿಲ್ಲೆಯಲ್ಲೇ, ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪ ಇದೆ, ನಾನು ನೋಡ್ಕೊಳ್ತೇನೆ ಭಾವ" ಅಂದೆ. ಆ ಮಾತು ಈಗಲೂ ಚುಚ್ಚುತ್ತದೆ.

ವಾಟ್ಸಾಪಿನಲ್ಲಿ ಬಂದ ಪ್ಯಾಕೇಜು ತಲೆಗೆ 4,500. ಬೋಟು, ಡೈವ್, ತಿಂಡಿ, ನೀರೊಳಗಿನ ವಿಡಿಯೋ ಎಲ್ಲ ಸೇರಿ. ಮೇಲೆ ಡ್ರೋನಿನಲ್ಲಿ ತೆಗೆದ ಹೃದಯದಾಕಾರದ ದ್ವೀಪದ ಫೋಟೋ. ಸ್ವಲ್ಪ ಅಡ್ವಾನ್ಸ್ ಕಟ್ಟಿ ಉಳಿದದ್ದು ಅಲ್ಲಿ ಹೋಗಿ ಕೊಡೋದು ತಾನೇ ರೂಢಿ? "ಕೊನೇ ನಾಲ್ಕು ಸೀಟು ಸರ್, ಪೂರ್ತಿ ಹಾಕಿದ್ರೆ ಮಾತ್ರ" ಅಂದ. 18,000 ಒಂದೇ ಏಟಿಗೆ ಹಾಕಿದೆ.

ನಸುಕಿನ ನಾಲ್ಕಕ್ಕೆ ಶಿರಸಿ ಬಿಟ್ಟು, ದೇವಿಮನೆ ಘಟ್ಟ ಇಳಿದು ಮುರ್ಡೇಶ್ವರ ಮುಟ್ಟಿದೆವು. ಕಾರಿನ ಬಾನೆಟ್ ಮೇಲೇ ಫಾರಂ ಇಟ್ಟು ಸಹಿ ಹಾಕಿಸಿಕೊಂಡರು. ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ ಅನ್ನೋ ಪ್ರಶ್ನೆಗಳಿಗೆಲ್ಲ ಅವರೇ ಮೊದಲೇ 'ಇಲ್ಲ' ಅಂತ ಟಿಕ್ ಹಾಕಿಟ್ಟಿದ್ದರು! ಹುಡುಗನಿಗೆ ಚಿಕ್ಕಂದಿನಿಂದ ದಮ್ಮಿದೆ. ಅಕ್ಕ ಹೇಳಿದಳು. "ಏನಾಗಲ್ಲ ಮೇಡಂ, ದಿನಾ ಇಳಿಸ್ತೀವಿ" ಅಂದರು. ಆಗಲೇ ಗಾಡಿ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಬೋಟಿಗೆ ಒಂದು ಗಂಟೆಗೂ ಮೇಲೆ ಬೇಕು. ನಮ್ಮ ಬೋಟು ಇಪ್ಪತ್ತು ನಿಮಿಷಕ್ಕೆ ಒಂದು ಬಂಡೆಯ ಪಕ್ಕ ನಿಂತಿತು. ತಿರುಗಿ ನೋಡಿದರೆ ದೇವಸ್ಥಾನದ ಗೋಪುರ ಎದುರಿಗೇ ಇದೆ, ಇಪ್ಪತ್ತು ಅಂತಸ್ತನ್ನೂ ಒಂದೊಂದಾಗಿ ಎಣಿಸಬಹುದು. ಕೇಳಿದೆ. "ಇದೇ ಸರ್, ನೇತ್ರಾಣಿ ಏರಿಯಾ." ಏರಿಯಾ! ಬೋಟಿನ ಹುಡುಗ ತಲೆ ತಗ್ಗಿಸಿ ಹಗ್ಗ ಸುತ್ತುತ್ತಿದ್ದ. ಅವನ ಮುಖ ನೋಡಿದ ಕೂಡಲೇ ಗೊತ್ತಾಯಿತು, ಮೋಸ ಹೋದೆ ಅಂತ. ಆದರೂ ಭಾವನ ಎದುರು ಬಾಯಿ ಬರಲಿಲ್ಲ.

ನೀರು ಚಹಾದ ಬಣ್ಣ. ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸಿಕೊಳ್ಳೋದನ್ನೂ ಸರಿಯಾಗಿ ಹೇಳಿಕೊಡಲಿಲ್ಲ, ಭಾವನಿಗೆ ಮೂರು ದಿನ ಕಿವಿನೋವು. ನೀರೊಳಗಿದ್ದದ್ದು ಐದು ನಿಮಿಷವೂ ಇಲ್ಲ. ಅಕ್ಕ ಮಗನನ್ನು ಇಳಿಸಲೇ ಇಲ್ಲ. ಆಸೆಪಟ್ಟವನು ಅವನೊಬ್ಬ, ಲೈಫ್ ಜಾಕೆಟ್ ಹಾಕಿಕೊಂಡು ಬೋಟಿನ ಮೂಲೆಯಲ್ಲಿ ಕೂತಿದ್ದ.

ರಾತ್ರಿ ವಿಡಿಯೋ ಬಂತು. ಒಂದಲ್ಲ, ನಾಲ್ಕು. ನಾಲ್ಕನೆಯದು ಹುಡುಗನ ಹೆಸರಲ್ಲಿ! ನೀಲಿ ನೀರು, ಹವಳ, ಮೀನಿನ ಹಿಂಡು, ಮುಖ ತುಂಬ ಮಾಸ್ಕ್ ಹಾಕಿದ ಯಾರೋ ಕೈಬೀಸುತ್ತಿದ್ದಾರೆ. "ಮಾವ, ನಾನು ಇಳಿದೇ ಇಲ್ಲವಲ್ಲ" ಅಂದ ಹುಡುಗ. ಯಾರೂ ಮಾತಾಡಲಿಲ್ಲ.

ಮರುದಿನ ಫೋನ್ ಮಾಡಿದರೆ "ಸಮುದ್ರ ನಮ್ಮ ಕೈಲಿಲ್ಲ ಸರ್". ವಿಡಿಯೋ? "ಹುಡುಗರು ತಪ್ಪಿ ಕಳಿಸಿರಬೇಕು". ಇಳಿಯದ ಹುಡುಗನ 4,500 ಆದರೂ ಕೊಡಿ ಅಂದೆ. "ಸಹಿ ಹಾಕಿದ್ದೀರಲ್ಲ, ಅದರಲ್ಲಿ ನೇತ್ರಾಣಿ ಅಂತ ಎಲ್ಲಿದೆ ತೋರಿಸಿ." ಹೌದು, ಎಲ್ಲೂ ಇರಲಿಲ್ಲ. 'ಐಲ್ಯಾಂಡ್ ಡೈವ್' ಅಂತ ಮಾತ್ರ ಇತ್ತು. ಆಮೇಲೆ ಬ್ಲಾಕ್.

ಮುರ್ಡೇಶ್ವರದಲ್ಲಿ ನಿಯತ್ತಾಗಿ ನಡೆಸುವವರು ಇದ್ದಾರೆ, ನೇತ್ರಾಣಿಯ ತಿಳಿನೀರು ನೋಡಿ ಬಂದವರನ್ನು ನಾನೇ ಬಲ್ಲೆ. ಅಲ್ಲಿಗೇ ಹೋಗಿ, ಅಂಗಡಿ ಕಣ್ಣಾರೆ ನೋಡಿ, ರಸೀದಿಯಲ್ಲಿ 'ನೇತ್ರಾಣಿ' ಅಂತ ಬರೆಸಿಕೊಂಡು ದುಡ್ಡು ಕೊಡಿ. ಮಳೆಗಾಲದಲ್ಲಿ ಡೈವ್ ಇರೋದಿಲ್ಲ, ಜುಲೈಗೆ ಬುಕಿಂಗ್ ತಗೊಳ್ಳುವವನ ಫೋನ್ ಇಟ್ಟುಬಿಡಿ. ಆರೋಗ್ಯದ ಫಾರಂ ನೀವೇ ತುಂಬಿ. ದಮ್ಮಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಕಾಲಿಗೆ ಹಳದಿ ಫಿನ್ (ಈಜಲು ಹಾಕುವ ರೆಕ್ಕೆ), ಎಡಗೈಯಲ್ಲಿ ದೊಡ್ಡ ಕಪ್ಪು ವಾಚು ಇರುವ ವಿಡಿಯೋ ನಿಮ್ಮ ಹೆಸರಲ್ಲೂ ಬಂದಿದ್ದರೆ ದಯವಿಟ್ಟು ನನಗೆ ಕಳಿಸಿ. ದೂರಿಗೆ ಸೇರಿಸಬೇಕು.